ಉಪ್ಪು ತಿಂದ ಜಾಡಿ

ಫೋರ್ಟ್ ಎಡ್ವರ್ಡ್, ನ್ಯೂಯಾರ್ಕ್, ೧೮೫೮

ಬೆಂಕಿ ಹೊತ್ತಿಸಿದ ಎರಡನೆಯ ರಾತ್ರಿ ಅಪ್ಪ ಹೋದ,
ಹಾಸಿಗೆಯಲ್ಲಲ್ಲ, ಭಟ್ಟಿಯ ಬಾಯೆದುರು,
ಸೌದೆಯ ಮೇಲೆ ಕೂತಂತೆಯೇ.
ಅಣ್ಣ ಬ್ಯಾರೆಂಟ್ ಮುಟ್ಟಿ ನೋಡಿದ, ನನ್ನ ಮುಖ ನೋಡಿದ,
ಇನ್ನೊಂದು ಕೊರಡು ಒಳಗೆ ತಳ್ಳಿದ.

ಮತ್ತೇನು ಮಾಡುವುದು?
ಆರುನೂರು ಜಾಡಿ ಒಳಗೆ ಕೆಂಡವಾಗಿ ಕೂತಿದ್ದವು.
ಜರ್ಸಿಯಿಂದ ದೋಣಿಯೇರಿ ಬಂದ ಮಣ್ಣು,
ಅದರ ಸಾಲವೇ ತೀರಿರಲಿಲ್ಲ.
ಅವನನ್ನು ಹೊತ್ತು ಮನೆಯೊಳಗೆ ಮಲಗಿಸಿದೆವು.
ಅವ್ವ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ:
"ಉಪ್ಪು ಹಾಕಿ ಆಯಿತೇ?"

ಇಲ್ಲ. ಅದು ಅವನ ಕೆಲಸ.
ಸಲಾಕೆಯಲ್ಲಿ ಮಣ್ಣಿನ ಬಳೆಯೊಂದನ್ನು ಹೊರಗೆಳೆದು
"ಈಗ" ಎನ್ನುತ್ತಿದ್ದವನು ಅವನು.
ಆ ಈಗ ಯಾವಾಗ ಎಂದು ಹೇಳಿಕೊಟ್ಟಿರಲಿಲ್ಲ.

ಊಹಿಸಿದೆವು. ಬೆಳಗಿನ ಜಾವ ಛಾವಣಿಯ ತೂತುಗಳಿಗೆ
ಸೌಟು ಸೌಟು ಸುರಿದೆವು. ಚಟಪಟ ಸಿಡಿದು
ಬಿಳಿ ಹೊಗೆ ಎದ್ದು, ಕಣ್ಣುರಿದು ನೀರು.
ಹೊಗೆಯದೋ ಬೇರೆಯದೋ, ಯಾರು ಬಿಡಿಸಿ ನೋಡಿದರು!
ಪಕ್ಕದ ಟ್ರಿಫೀನಾ ಬೇಲಿಯಾಚೆಯಿಂದ ಬೈದಳು,
ಒಗೆದ ಹಾಸೆಲ್ಲ ಮತ್ತೆ ಒಗೆಯಬೇಕೆಂದು.
ವಿಷಯ ತಿಳಿದ ಮೇಲೆ ಅದೇ ಹಾಸನ್ನು
ಮಡಿಸಿ ತಂದುಕೊಟ್ಟಳು, ಅಪ್ಪನಿಗೆ ಹೊದಿಸಲು.

ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ಜಾಡಿಯ ನ್ಯಾಯ ಬೇರೆ:
ಒಮ್ಮೆ ಉಪ್ಪು ತಿಂದರೆ ಆಮೇಲೆ
ತೊಟ್ಟು ನೀರೂ ಕುಡಿಯದು, ಹೊರಗೂ ಬಿಡದು,
ಹಾಗೇ ಹಿಡಿದುಕೊಂಡಿರುತ್ತದೆ.
ಅವ್ವ ಆ ವಾರವೆಲ್ಲ ಹಾಗಿದ್ದಳು.

ಮಣ್ಣು ಮಾಡಿ ಬಂದ ಮೂರನೆಯ ದಿನ ಭಟ್ಟಿ ತಣಿಯಿತು.
ಇಟ್ಟಿಗೆ ಕಿತ್ತು ಒಂದೊಂದೇ ಹೊರತೆಗೆದೆವು.
ಚಳಿಗೆ ಮುಳ್ಳೆದ್ದಂಥ ಬೂದು ಮೈ.
ಕೆಲವು ಸೊಟ್ಟ, ಕೆಲವು ಒಂದಕ್ಕೊಂದು ಅಂಟಿದವು.
"ಪರವಾಗಿಲ್ಲ" ಎಂದ ಬ್ಯಾರೆಂಟ್, ಅಪ್ಪನದೇ ದನಿ.
ಹಿಡಿಯ ಬುಡದಲ್ಲಿ ಹೆಬ್ಬೆರಳ ಗುಳಿ,
ಹೊಟ್ಟೆಯ ಮೇಲೆ ಅವನು ಬರೆದ ಹಕ್ಕಿ,
ಹಸಿಯಲ್ಲಿ ಮಂಕು ಗೀರಾಗಿದ್ದದ್ದು ಈಗ ಕಡುನೀಲಿ.
ಒಂದಕ್ಕೆ ಮಾತ್ರ ಕಾಲಿರಲಿಲ್ಲ.
ಊಟಕ್ಕೆ ಕರೆದರೆಂದು ಎದ್ದನೋ, ಬಣ್ಣ ತೀರಿತೋ.

ಹೊಸ ಮುದ್ರೆ ಕೆತ್ತಿಸೋಣ ಎಂದ ಬ್ಯಾರೆಂಟ್,
"ಟ್ಯೂನಿಸ್" ತೆಗೆದು ಬರೀ "ಮಕ್ಕಳು".
ಬೇಡ ಎಂದೆ. ಆ ಜಗಳ ಇನ್ನೂ ಮುಗಿದಿಲ್ಲ.

ಕಾಲಿಲ್ಲದ ಹಕ್ಕಿಯನ್ನು ಗೋಣಿಯಡಿ ಬಚ್ಚಿಟ್ಟಿದ್ದೆ.
ಅವ್ವ ಅದನ್ನೇ ಹುಡುಕಿ ತೆಗೆದು
ಕಾಲುವೆಯ ದೋಣಿಯವನ ಮುಂದಿಟ್ಟಳು.
ಹಕ್ಕಿಗೆ ಕಾಲಿಲ್ಲವಲ್ಲ ಎಂದು ಅವನು ಚೌಕಾಸಿಗಿಳಿದ.
"ಮೂರು ಗ್ಯಾಲನ್. ಸೋರುವುದಿಲ್ಲ" ಎಂದಳು.
ಒಂದು ಸೆಂಟೂ ಬಿಡಲಿಲ್ಲ.