ಎಂಬತ್ತನಾಲ್ಕು

ಜಿಮ್ನೇಷಿಯಮ್ಮಿನ ಓಣಿಯಲ್ಲಿ, ಕುಡಿಯುವ ನೀರಿನ ನಲ್ಲಿಯ ಪಕ್ಕ,
ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರ:
ಒಂದು ಋತುವಿನಲ್ಲಿ ಅತಿ ಹೆಚ್ಚು ಹಿಟ್,
ಡೆಲ್ ಉನ್ರೂ, ೧೯೮೩, ಎಂಬತ್ತನಾಲ್ಕು.
ನಾಲ್ಕರ ಕಾಲು ಮುರಿದಿದೆ, ಯಾರೋ ಟೇಪು ಅಂಟಿಸಿದ್ದಾರೆ.
ಅದರ ಕೆಳಗೆ ಲೇಲ್ಯಾಂಡ್ ಗೋರಿಂಗ್, ಹನ್ನೊಂದು ಟ್ರಿಪಲ್,
ಆಮೇಲೆ ಪಾದ್ರಿಯಾದ.
ಅದರ ಕೆಳಗೆ ವಿಲ್ಬರ್ಟ್ ಸ್ಕ್ರಾಗ್,
ಮೈಮೇಲೆ ಚೆಂಡು ಬಿದ್ದದ್ದು ಇಪ್ಪತ್ತಾರು ಸಲ.
ಹೊಡೆಸಿಕೊಂಡವನಿಗೂ ಇಲ್ಲಿ ಒಂದು ಸಾಲುಂಟು.
ಹುಡುಗರು ನೀರು ಕುಡಿಯುತ್ತ ಓದುತ್ತಾರೆ,
ಬಾಯಿ ಒರೆಸಿಕೊಂಡು ಮರೆಯುತ್ತಾರೆ.

ಆರ್ವಿಲ್ಲಾ ಸ್ಟಕಿ ಮಾತ್ರ ಆ ಓಣಿಗೆ ಕಾಲಿಡುವುದಿಲ್ಲ.
ಹಿಂಬಾಗಿಲಿನಿಂದಲೇ ಬರುತ್ತಾಳೆ, ನಲವತ್ತು ವರ್ಷದಿಂದ.

ಅವಳು ಸ್ಕೋರು ಬರೆಯುವವಳು.
ಪ್ಲೈವುಡ್ಡಿನ ಗೂಡು, ಮಡಚುವ ಕುರ್ಚಿ, ಎರಡು ಪೆನ್ಸಿಲ್,
ಹಾಳೆ ಹಾರದಂತೆ ಮೇಲಿಟ್ಟ ಟ್ರ್ಯಾಕ್ಟರಿನ ನಟ್ಟು.
ಕ್ಯಾನ್ಸಸ್ಸಿನ ಈ ಬಯಲಲ್ಲಿ ಗಾಳಿ
ಯಾವ ತಂಡಕ್ಕೂ ಸೇರಿಲ್ಲ, ಒಂದು ಪಂದ್ಯವನ್ನೂ ತಪ್ಪಿಸಿಲ್ಲ.
ಔಟ್‌ಫೀಲ್ಡಿನ ಬೇಲಿಯಾಚೆ ಮಿಲ್ಲು.
ಊರಿಗೆ ಊರೇ ಗೋಧಿ ಹಿಟ್ಟಿನದು;
ಕಾರಿನ ಗಾಜಿನ ಮೇಲೆ ಹಿಟ್ಟು, ಇಗರ್ಜಿಯ ಮೆಟ್ಟಿಲ ಮೇಲೆ ಹಿಟ್ಟು,
ಗೂಡಿನೊಳಗೆ ಬರೀ ಹಿಟ್ ಎಂದು ಬರೆದರೂ
ಬೆರಳಿಗೆ ಒಂಚೂರು ಬಿಳಿ ಹತ್ತುತ್ತದೆ.

ಚೆಂಡು ಕೈಗೆ ಸಿಗಬೇಕಿತ್ತೋ ಇಲ್ಲವೋ,
ಅಷ್ಟೇ ಅವಳ ಕೆಲಸ.
ಸಿಗಬೇಕಿದ್ದು ಜಾರಿದರೆ ಹಿಡಿಯುವವನ ತಪ್ಪು,
ಇಲ್ಲವಾದರೆ ಹೊಡೆದವನ ಹಿಟ್.
ನಡುವೆ ಮೂರನೆಯ ಕಾಲಮ್ಮಿಲ್ಲ.

ಎಂಬತ್ತಮೂರರ ಮೇ. ಕೊನೆಯ ಪಂದ್ಯ, ಕೊನೆಯ ಸರದಿ.
ಕಲ್ಲಿದ್ದಲ ರೈಲು ಹೋಗುತ್ತಿತ್ತು. ಅವಳು ಬೋಗಿ ಎಣಿಸುತ್ತಿದ್ದಳು,
ನೂರಾ ಒಂದು, ನೂರಾ ಎರಡು,
ತಿರುಗುವಷ್ಟರಲ್ಲಿ ಎಲ್ಲರೂ ಎದ್ದು ನಿಂತಿದ್ದರು,
ಉನ್ರೂ ಒಂದನೇ ಬೇಸಿನ ಮೇಲೆ, ಹೆಲ್ಮೆಟ್ಟು ಕೈಯಲ್ಲಿ,
ಎದುರಾಳಿ ಶಾರ್ಟ್‌ಸ್ಟಾಪ್ ಹುಡುಗ
ತನ್ನ ಗ್ಲೌಸಿನೊಳಗೆ ಇಣುಕಿ ನೋಡುತ್ತಿದ್ದ
ಜೇಬು ತೂತಾದವನ ಹಾಗೆ.
ಕಿವಿ ಹೇಳಿದಂತೆ ಕೈ ಹಿಟ್ ಎಂದು ಬರೆಯಿತು.

ದಾಖಲೆಗಳೆಲ್ಲ ಹೀಗೆ ಹುಟ್ಟುತ್ತವೆ ಎನ್ನಲಾರೆ.
ಇದೊಂದು ಹೀಗೆ ಹುಟ್ಟಿತು.

ಈ ವರ್ಷ ಎಫ್ರೇನ್ ಕಿಂಟಾನಾ.
ತಾಯಿಗೆ ಲಿಬರಲ್ ಎಂಬ ಊರಿನ ಮಾಂಸದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ.
ಎಡಚ; ನಿಲ್ಲುವ ಮೊದಲು ಬ್ಯಾಟಿನ ತುದಿಯಿಂದ
ಮಣ್ಣಲ್ಲೊಂದು ಗೆರೆ ಎಳೆದು, ಕಾಲಿನಿಂದ ಅಳಿಸುತ್ತಾನೆ.
ಎಂಬತ್ತಮೂರಕ್ಕೆ ಬಂದು ನಿಂತಿದ್ದಾನೆ.
ಮತ್ತೆ ಕೊನೆಯ ಪಂದ್ಯ, ಕೊನೆಯ ಸರದಿ.
ರೈಲು ಬಂತು. ಬರಲಿ.
ಆರ್ವಿಲ್ಲಾ ಕಣ್ಣು ಮಿಟುಕಿಸಲಿಲ್ಲ.
ಚೆಂಡು ನೆಲ ಹಿಡಿದು ಶಾರ್ಟ್‌ಸ್ಟಾಪಿನತ್ತ ಓಡಿತು,
ಗ್ಲೌಸಿನೊಳಕ್ಕೆ ಹೋಯಿತು, ಹೊರಕ್ಕೆ ಬಂತು.
ಎರಡನ್ನೂ ನೋಡಿದಳು.

ತಪ್ಪು. ಶಾರ್ಟ್‌ಸ್ಟಾಪಿನದು.
ಬೋರ್ಡಿನಲ್ಲಿ ಕೆಂಪು ದೀಪ ಹತ್ತಿದ್ದೇ
ನಾನೂರು ಮುಖ ಒಟ್ಟಿಗೆ ಗೂಡಿನತ್ತ ತಿರುಗಿದವು.
ಯಾರೋ ಪಾಪ್‌ಕಾರ್ನ್ ಎಸೆದರು; ಗಾಳಿ ಅವರಿಗೇ ವಾಪಸು ಕೊಟ್ಟಿತು.
ಕಿಂಟಾನಾ ಮೊಣಕೈ ಪಟ್ಟಿ ಬಿಚ್ಚಿ ಕೋಚಿನ ಕೈಗಿಟ್ಟ,
ಮುಂದಿನ ಎಸೆತಕ್ಕೇ ಎರಡನೇ ಬೇಸು ಕದ್ದ.

ಆ ರಾತ್ರಿ ಅವಳು ಉನ್ರೂಗೆ ಫೋನು ಮಾಡಿದಳು.
ಡಾಜ್ ಸಿಟಿಯಲ್ಲಿ ನೀರಾವರಿ ಪೈಪು ಮಾರುತ್ತಾನೆ, ಅರವತ್ತು ದಾಟಿದೆ.
ರೈಲು, ಬೋಗಿ, ಗ್ಲೌಸು, ಎಲ್ಲ ಹೇಳಿದಳು.
'ಯಾವ ಹಿಟ್?' ಎಂದ.
ಬಹಳ ಹೊತ್ತು ಯೋಚಿಸಿದ. ಹೊಳೆಯಲಿಲ್ಲ.
ನೆನಪಿರುವುದು ಬೇರೆ:
ಯಾವುದೋ ಏಪ್ರಿಲ್, ಎರಡನೇ ಇನಿಂಗ್ಸು,
ಬೇಲಿ ದಾಟಿ, ರಸ್ತೆ ದಾಟಿ, ಗೋಧಿ ಹೊಲಕ್ಕಿಳಿದ ಚೆಂಡು.
ಬ್ಯಾಟಿಗೆ ಏನೂ ತಾಗಲೇ ಇಲ್ಲವೆನಿಸಿತ್ತು.
ಆಮೇಲೆ ಆಲಿಕಲ್ಲು. ಪಂದ್ಯ ರದ್ದು.
'ಅದು ನಿಮ್ಮ ಪುಸ್ತಕದಲ್ಲಿ ಇದೆಯಾ?'

ರದ್ದಾದ ಪಂದ್ಯಕ್ಕೆ ಹಾಳೆಯಿರುವುದಿಲ್ಲ.
ಇಲ್ಲ, ಎಂದಳು.
ಸ್ವಲ್ಪ ತಡೆದು ಕೇಳಿದಳು,
ಆಗ ಗೋಧಿ ಎಷ್ಟೆತ್ತರ ಇತ್ತು?

'ಮೊಣಕಾಲುದ್ದ,' ತಡವರಿಸದೆ ಹೇಳಿದ,
'ಚೆಂಡು ಹುಡುಕೋದಕ್ಕೆ ಇಡೀ ತಂಡ ಹೋಗಿತ್ತು.'
ಅವಳು ಪೆನ್ಸಿಲ್ಲಿಗಾಗಿ ಮೇಜು ತಡಕಿದಳು.