ಬೆಂಕಿಯಿಲ್ಲದ ಕರೆ

ಗಂಟೆ ಬಾರಿಸಿದ್ದು ಮೂರೂ ಹತ್ತಕ್ಕೆ.
ಕದ್ರಿಯಿಂದ ಚಿತ್ರಾಪುರ ತಲುಪುವ ಮೊದಲೇ
ಮೂಗಿಗೆ ಗೊತ್ತಾಗಿತ್ತು.

ಹೊಗೆಯಿಲ್ಲ, ಉರಿಯಿಲ್ಲ.
ಅಲೆ ಬರುತ್ತಿತ್ತು, ಸದ್ದಿರಲಿಲ್ಲ;
ಎಣ್ಣೆ ಏರಿಸಿ ಮಲಗಿದವನ ಹಾಗೆ
ಕಡಲು ಮಗ್ಗುಲು ಬದಲಿಸುತ್ತಿತ್ತು.

“ಪೈಪು ಬಿಚ್ಚಬೇಡಿ, ನೀರು ಹೊಡೆದರೆ ಹರಡುತ್ತದೆ”
ಅಂದರು ಕರ್ಕೇರ ಸಾಹೇಬರು.
ಹದಿನೇಳು ವರ್ಷ ನೀರು ಹಾರಿಸಿದ ಕೈಗೆ
ಒಂದು ಸಲಿಕೆ, ಒಂದು ಬಾಲ್ದಿ.

ನೊರೆಯ ಟ್ಯಾಂಕರು ದಿಬ್ಬದ ಮೇಲೆ ಕಾದಿತ್ತು,
ಬಾರದಿರಲಿ ಎಂದುಕೊಂಡ ನೆಂಟನಿಗೆ ಚಾಪೆ ಹಾಸಿದಂತೆ.
ಬೀಡಿಯವರ ಕಿಸೆಯಿಂದ ಬೆಂಕಿಪೊಟ್ಟಣ
ವಸೂಲಿ ಮಾಡುವುದು ನನ್ನ ಪಾಲಿಗೆ.
ಹನ್ನೊಂದು ಸಿಕ್ಕಿದವು.

ಬೆಳಗಾಗುವಾಗ ದೂಜ ಪುತ್ರನ್ ಬಂದ, ಬಲೆ ಹೆಗಲಲ್ಲೇ.
“ಬೆಂಕಿಯನ್ನು ನೀರಿನಿಂದ ಆರಿಸುತ್ತೀರಿ, ಸರಿ.
ನೀರಿಗೇ ಹೀಗಾದರೆ ಎಂತ ಮಾಡುವುದು ಮಾರಾಯ?”
ಸಲಿಕೆ ತೋರಿಸಿದೆ.
ಇಬ್ಬರೂ ನಗಲಿಲ್ಲ.
ಸ್ವಲ್ಪ ಹೊತ್ತಿಗೆ ಅವನೂ ಬಲೆ ಇಳಿಸಿ
ತುಂಬಿದ ಬಾಲ್ದಿಗೆ ಕೈ ಹಾಕಿದ.

ಮನೆಯ ಬಚ್ಚಲಲ್ಲಿ ಸೋಪು ಸೋತಿತು.
ಹಿಮ್ಮಡಿಗೆ ತೆಂಗಿನೆಣ್ಣೆ ಸುರಿದು ತಿಕ್ಕಿದೆ, ಸುಮಾರು ಹೊತ್ತು.
ಏಡಿಮರಿಯೊಂದರ ಕಾಲು
ಬೂಟಿನೊಳಗೆ ಅಂಟಿಕೊಂಡಿತ್ತು, ಕಪ್ಪಗೆ.

ಕಿಸೆಯಲ್ಲಿ ಉಳಿದಿದ್ದ ಪೊಟ್ಟಣದಿಂದಲೇ
ಒಲೆಗೆ ಕಡ್ಡಿ ಗೀರಿದಳು ವಾರಿಜ.
ಆ ಸದ್ದಿಗೆ ನಾನು ಎದ್ದು ನಿಂತಿದ್ದೆ,
ಎಣ್ಣೆಗಾಲಿನಲ್ಲಿ.