ಪಾರ್ಸೆಲ್ಲಿನ ಮೇಲಿದ್ದ ಹೆಸರಿಗೆ

ಶಿಝುಯೊ ಅವರೇ,
ನಿಮ್ಮ ಹೆಸರನ್ನು ನಾನು ಓದಿದ್ದು ಒಂದು ರಟ್ಟಿನ ಡಬ್ಬಿಯ ಮೇಲೆ.
ಸ್ಪ್ರಿಂಗ್‌ಬಾಕ್ ಊರಿನ ಅಂಚೆ ಕಚೇರಿಯಲ್ಲಿ ಪೊಲೀಸರು ತಡೆದದ್ದು.
ಹೊರಗೆ ‘ಮಕ್ಕಳ ಆಟಿಕೆ’ ಎಂದು ಬರೆದಿತ್ತು.
ಬಿಚ್ಚಿದರೆ ಕಾಲುಚೀಲಗಳು,
ಕಾಲುಚೀಲಗಳೊಳಗೆ
ನಮ್ಮ ಗುಡ್ಡ.

ನಾನು ಮಾಗ್ರೀಟಾ ಓಬೀಸ್.
ಇಲಾಖೆಯ ಹಿತ್ತಲ ತಗಡಿನ ಷೆಡ್ಡಿನಲ್ಲಿ
ಸಿಕ್ಕಿಬಿದ್ದ ಗಿಡಗಳನ್ನು ಎಣಿಸಿ, ಮಣ್ಣಿಗಿಟ್ಟು, ನಂಬರು ಕಟ್ಟುವುದು ನನ್ನ ಕೆಲಸ.
ನಿಮ್ಮ ಡಬ್ಬಿಯಲ್ಲಿ ಇನ್ನೂರ ಹದಿನಾಲ್ಕು.
ಬಟಾಣಿಯಷ್ಟು ಕೆಲವು, ಅಂಗಿಯ ಗುಂಡಿಯಷ್ಟು ಕೆಲವು.
ನಮ್ಮಜ್ಜಿ ಲೇನಾ ಇವನ್ನು ಕಾಲ್ಬೆರಳು ಎನ್ನುತ್ತಿದ್ದಳು:
‘ಗುಡ್ಡ ಬೆಣಚುಕಲ್ಲು ಹೊದ್ದು ಮಲಗಿದೆ,
ಬೆರಳಷ್ಟೇ ಹೊರಗೆ. ಮೆಲ್ಲಗೆ ನಡಿ.’

ನಿಮಗೆ ಗೊತ್ತಿರಲಿಲ್ಲ ಅಂದುಕೊಳ್ಳುತ್ತೇನೆ.
ಫೋಟೋದಲ್ಲಿ ಎಲ್ಲ ಗಿಡವೂ ಸಾಧುವೇ.
ಆದರೆ ಮುಂದಿನ ಸಲ ಬುಡ ನೋಡಿ.
ಬೇಸಿಗೆಗೊಂದು ಪೊರೆ ಬಿಡುತ್ತದೆ ಇದು,
ಒಣಗಿದ ಪೊರೆಯ ಮೇಲೆ ಪೊರೆ, ಈರುಳ್ಳಿ ಸಿಪ್ಪೆಯ ಹಾಗೆ.
ಮಾರುವವನು ‘ಮೂರು ವರ್ಷದ್ದು’ ಎಂದರೆ
ಉಗುರಿನಿಂದ ಎಣಿಸಿ. ನಾನು ಒಂದರಲ್ಲಿ
ಹತ್ತೊಂಬತ್ತಕ್ಕೆ ಬಂದು ಲೆಕ್ಕ ತಪ್ಪಿದೆ.

ಒಂದು ಮಗ್ಗುಲು ಬಿಸಿಲಿಗೆ ಸುಟ್ಟ ಕಲೆ, ಇನ್ನೊಂದರಲ್ಲಿ
ಆಮೆ ಕಚ್ಚಿ ಬಿಟ್ಟ ಅರ್ಧಚಂದ್ರ.
ಮರದಂತೆ ಗಟ್ಟಿಯಾದ ಬೇರು, ಚಾಕುವಿಗೆ ಸಿಕ್ಕು ಮೊಂಡಾದದ್ದು,
ಅದರ ತುದಿಯಿಂದ ಹೆದರಿ ಹೆದರಿ ಇಣುಕುವ
ಎರಡೇ ಬಿಳಿ ಎಳೆ.
ಇವನ್ನು ‘ಗುಣ’ ಎಂದು ಮಾರುತ್ತಾರಂತೆ. ಹೆಚ್ಚಿನ ಬೆಲೆಗೆ.

ಬೀಜದಿಂದ ಬೆಳೆದದ್ದು ಎಂದರೆ
ಇದರ ಒಡಹುಟ್ಟಿದವರೆಲ್ಲಿ ಎಂದು ಕೇಳಿ.
ಒಂದೇ ತಟ್ಟೆಯಲ್ಲಿ ನೂರು ಇರಬೇಕು, ಒಂದೇ ವಯಸ್ಸು,
ಶಾಲೆಯ ಸಾಲಿನಲ್ಲಿ ನಿಂತ ಹಾಗೆ, ಕಲೆಯಿಲ್ಲದ ಮುಖ.
ಬಿತ್ತಿದ ವರ್ಷ ಕೇಳಿ, ತಾಯಿಗಿಡ ತೋರಿಸು ಅನ್ನಿ.
ಅವನು ಮಾತು ಬದಲಿಸಿದರೆ ಪರ್ಸು ಮುಚ್ಚಿ.

ಇನ್ನೊಂದು ಮಾತು. ಕಿತ್ತವನು ನಮ್ಮ ಫ್ಲೋರಿಸ್.
ನನ್ನ ಅಕ್ಕನ ಮಗ.
ತಾಮ್ರದ ಗಣಿ ಮುಚ್ಚಿದ ಮೇಲೆ ಕುರಿ ಕಾಯ್ದ, ಕುರಿ ಮಾರಿದ,
ಆಮೇಲೆ ಬಿಳಿ ಪಿಕಪ್ಪಿನಲ್ಲಿ ಯಾರೋ ಬಂದು
ಮೊಬೈಲಿನಲ್ಲಿ ಚಿತ್ರ ತೋರಿಸಿದರು: ‘ಇದು ಎಲ್ಲಿ ಸಿಗುತ್ತದೆ?’
ಅಜ್ಜಿ ಮೆಲ್ಲಗೆ ನಡೆಯಲು ಕಲಿಸಿದ ದಾರಿಯಲ್ಲೇ
ಮೊಣಕಾಲೂರಿ ಹೋದ.
ಒಂದು ಚೀಲಕ್ಕೆ ಸಿಕ್ಕದ್ದು ಒಂದು ಗ್ಯಾಸ್ ಸಿಲಿಂಡರು, ಮಗಳಿಗೆ ಶಾಲೆಯ ಬೂಟು.
ನೀವು ಒಂದು ಗಿಡಕ್ಕೆ ಕೊಟ್ಟದ್ದು ಎಷ್ಟು ಎಂದು
ರಸೀದಿಯಲ್ಲಿ ನೋಡಿದೆ. ಅಕ್ಕನಿಗೆ ಹೇಳಲಿಲ್ಲ.

ವಾಪಸು ನೆಟ್ಟುಬಿಡಿ ಎನ್ನುತ್ತಾರೆ ಜನ.
ಎಲ್ಲಿ?
ಈ ಗುಡ್ಡದ್ದು ಆ ಗುಡ್ಡಕ್ಕೆ ಒಗ್ಗದು,
ಯಾವ ಇಳಿಜಾರಿನದೆಂದು ಗಿಡ ಹೇಳದು,
ಫ್ಲೋರಿಸ್ ಹೇಳಿದರೆ ಶಿಕ್ಷೆ ಹೆಚ್ಚೀತೆಂದು ವಕೀಲರು ಅವನ ಬಾಯಿ ಕಟ್ಟಿದ್ದಾರೆ.
ಇನ್ನೂರ ಹದಿನಾಲ್ಕರಲ್ಲಿ ಈಗ ಉಳಿದದ್ದು ನೂರ ಆರು.
ಪ್ರೀತಿಯಿಂದ ನೀರು ಹಾಕಿದ್ದು ತಪ್ಪಾಯಿತು,
ಕೆಲವು ಒಡೆದೇ ಹೋದವು.

ಒಂದು ಗೊಂಚಲಿನ ನಡುವೆ
ಬೆಣಚಿನ ಚೂರು ಸಿಕ್ಕಿಕೊಂಡಿದೆ, ಅಕ್ಕಿಕಾಳಿನಷ್ಟು.
ಅದರ ಸುತ್ತಲೇ ಬೆಳೆದಿದೆ ಗಿಡ. ಕೀಳಲು ಹೋಗಿ
ಕೈ ಹಿಂದೆಗೆದೆ.

ಈ ಕಾಗದವನ್ನು ನಿಮಗೆ ಹಾಕುವಂತಿಲ್ಲ.
ನಿಮ್ಮ ವಿಳಾಸ ಸಾಕ್ಷ್ಯದ ಫೈಲಿನಲ್ಲಿದೆ, ನಾನು ನೋಡಿದ್ದೇ ಹೆಚ್ಚು.
ಆದರೂ ಬರೆದೆ. ಇವತ್ತು ಬೆಳಗಿನ ಜಾವ
ಕಡಲ ಮಂಜು ಅಪರೂಪಕ್ಕೆ ಇಲ್ಲಿಯವರೆಗೂ ಹತ್ತಿ ಬಂದಿತ್ತು.
ಸಾಕ್ಷ್ಯದ ಕೋಣೆಗೆ ಸದಾ ಬೀಗ ಇರಬೇಕೆಂಬುದು ನಿಯಮ.
ಬಾಗಿಲಿಗೆ ಇಟ್ಟಿಗೆ ಕೊಟ್ಟು
ಅರ್ಧ ಗಂಟೆ ತೆರೆದಿಟ್ಟೆ.